ಗೋಬಿ ಕೆಂಪಗಿದ್ದರೇ ಮಾರಾಟ: ಪ್ರಾಮಾಣಿಕ ವ್ಯಾಪಾರಿ ಸೋಲುವುದು ಎಲ್ಲಿ?

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೂ ಅದೇ ಕಟ್ಟಳೆ ಬಂತು. ಆಹಾರ ಸುರಕ್ಷತೆ ಇಲಾಖೆ ಪರೀಕ್ಷೆ ಮಾಡಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ವರದಿ ಬಂದಿತ್ತು. ಬಾಂಬೆ ಮಿಠಾಯಿಯ 25ರಲ್ಲಿ 15. ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣವೇ ಸಿಕ್ಕಿತ್ತು.

ಆ ವಾರವೆಲ್ಲ ಜನ ಗಾಡಿಯವರನ್ನು ಬೈದರು. ಬೈಯುವುದು ಸುಲಭ. ಆದರೆ ಲೆಕ್ಕ ನೋಡಿ: ಐದು ಪ್ಲೇಟಿನಲ್ಲಿ ಮೂರಕ್ಕಿಂತ ಜಾಸ್ತಿ ಕೆಟ್ಟಿದೆ. ಅಷ್ಟೂ ಮಂದಿ ಜನರ ಹೊಟ್ಟೆ ಕೆಡಿಸಬೇಕೆಂದೇ ಬಾಣಲೆ ಇಟ್ಟವರಾ? ಇರಲಾರದು. ಒಂದೇ ಬೀದಿಯಲ್ಲಿ ಎರಡು ಗಾಡಿ ನಿಂತಿವೆ ಎಂದುಕೊಳ್ಳಿ. ಒಂದರಲ್ಲಿ ಗೋಬಿ ಕಡುಗೆಂಪು. ಇನ್ನೊಂದರಲ್ಲಿ ಬಣ್ಣ ಹಾಕಿಲ್ಲ, ಹಾಗಾಗಿ ಮಂಕಾದ ಕಂದು. ಸಂಜೆ ಕಾಲೇಜು ಬಿಟ್ಟ ಹುಡುಗರು ಯಾವುದರ ಮುಂದೆ ನಿಲ್ಲುತ್ತಾರೆ? ಕೆಂಪಿನ ಮುಂದೆ. ಬಣ್ಣ ಹಾಕದವನು ಒಳ್ಳೆಯ ಮೆಣಸಿನಪುಡಿಗೆ ದುಡ್ಡು ಹಾಕಿರಬಹುದು. ಆದರೆ ಅದು ಗಿರಾಕಿಗೆ ಕಾಣುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಎರಡೇ ದಾರಿ: ಅವನೂ ಡಬ್ಬಿಯಿಂದ ಚಿಟಿಕೆ ಬಣ್ಣ ಹಾಕಬೇಕು, ಇಲ್ಲವೇ ಗಾಡಿ ಎತ್ತಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ವ್ಯಾಪಾರ ನೋಡಿ ಇದನ್ನೇ ಹೇಳಿದರು. ಕೊಳ್ಳುವವನಿಗೆ ಒಳ್ಳೆಯ ಕಾರು ಯಾವುದು, ಡಕೋಟ ಯಾವುದು ಎಂದು ಗೊತ್ತಾಗದಿದ್ದರೆ ಅವನು ಎರಡಕ್ಕೂ ಒಂದೇ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಮಾರಿದರೆ ನಷ್ಟ. ಹಾಗಾಗಿ ಒಳ್ಳೆಯ ಕಾರಿನವರು ಜಾಗ ಖಾಲಿ ಮಾಡುತ್ತಾರೆ, ಉಳಿಯುವುದು ಡಕೋಟಗಳೇ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಬೀದಿಯಲ್ಲಿ ಇದನ್ನು ನೊಬೆಲ್ ಇಲ್ಲದೆಯೇ ಎಲ್ಲ ವ್ಯಾಪಾರಿಗಳೂ ಬಲ್ಲರು. "ಸರಿಯಾಗಿ ಕೊಟ್ಟರೆ ಗಿಟ್ಟಲ್ಲ ಸಾರ್" ಅನ್ನುತ್ತಾರಲ್ಲ, ಅದು ಬರೀ ನೆಪವಲ್ಲ. ಅರ್ಧ ನಿಜ.

ವ್ಯಾಪಾರಿ-ಗ್ರಾಹಕರ ನಡುವಿನ ನಂಬಿಕೆ ಕುರಿತು ಮಾತು ಬಂದಾಗಲೆಲ್ಲ ನಾವು ನೇರವಾಗಿ ನೀತಿಪಾಠಕ್ಕೆ ಹೋಗುತ್ತೇವೆ. ವ್ಯಾಪಾರ ಧರ್ಮ, ಗ್ರಾಹಕ ದೇವರು, ಇತ್ಯಾದಿ. ನನ್ನ ವಾದ ಬೇರೆ. ಗಿರಾಕಿ ನಿಂತ ಜಾಗದಲ್ಲೇ, ಕೈಯಿಂದ ಜಾಸ್ತಿ ದುಡ್ಡು ಹಾಕದೆ ಪರೀಕ್ಷೆ ಮಾಡಬಹುದಾದ ಕಡೆ ನಂಬಿಕೆ ತಾನಾಗಿ ಬೆಳೆಯುತ್ತದೆ. ಪರೀಕ್ಷೆ ಆಗದ ಕಡೆ ಎಷ್ಟು ಬೋರ್ಡು ಹಾಕಿದರೂ ಬೆಳೆಯುವುದಿಲ್ಲ. ಪರೀಕ್ಷೆ ಆಗದಿದ್ದಾಗ ಮೊದಲು ಪೆಟ್ಟು ತಿನ್ನುವವನು ಪ್ರಾಮಾಣಿಕ ವ್ಯಾಪಾರಿ. ಗ್ರಾಹಕ ಆಮೇಲೆ.

ಹಳೆಯ ಕಾಲದ ಕಿರಾಣಿ ಅಂಗಡಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಬಹಳ. ಉದ್ರಿ ಪುಸ್ತಕ ಇತ್ತು, ತರಕಾರಿಯವಳು ಕೊನೆಗೊಂದು ಹಿಡಿ ಕೊತ್ತಂಬರಿ ಕೊಸರು ಹಾಕುತ್ತಿದ್ದಳು, ಎಲ್ಲ ನಿಜ. ಆದರೆ ಆ ನಂಬಿಕೆ ನಿಂತಿದ್ದು ಒಂದು ಗಟ್ಟಿ ಲೆಕ್ಕದ ಮೇಲೆ. ನೀವು ನಾಳೆಯೂ ಅದೇ ಅಂಗಡಿಗೆ ಬರುವವರು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಅಂಗಡಿಯವನ ಮಗಳ ಮದುವೆಗೆ ಊಟಕ್ಕೆ ಬರುವವರೂ ನೀವೇ. ಅದೇ ಮನುಷ್ಯ ದೂರದ ಸಂತೆಯಲ್ಲಿ ಗುರುತಿಲ್ಲದವರಿಗೆ ಮಾರುವಾಗ ತಕ್ಕಡಿ ಕೊಂಚ ವಾಲುತ್ತಿತ್ತು. ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಬೇಕಾಗಿ ಬಂದದ್ದು ಸುಮ್ನೆ ಅಲ್ಲ.

ಪರೀಕ್ಷೆ ಒಂದು ಇಡೀ ವ್ಯಾಪಾರವನ್ನು ಹೇಗೆ ಬದಲಿಸುತ್ತದೆ ಎಂದು ನೋಡಬೇಕಾದರೆ ಚಿನ್ನದ ಅಂಗಡಿಗೆ ಹೋಗಬೇಕು.

ನಮ್ಮಲ್ಲಿ ಪ್ರತಿ ಮನೆಗೂ ಒಬ್ಬ ಅಕ್ಕಸಾಲಿಗ ಅಥವಾ ಒಂದು ಅಂಗಡಿ ಗೊತ್ತಾಗಿರುತ್ತಿತ್ತು. ಅಜ್ಜಿ ಕಾಲದಿಂದ ಅಲ್ಲೇ. ಇದನ್ನು ನಾವು ವಿಶ್ವಾಸ ಎನ್ನುತ್ತಿದ್ದೆವು. ಆದರೆ ಅದೇ ಬಳೆಯನ್ನು ಬೇರೆ ಅಂಗಡಿಗೆ ಮಾರಲು ಹೋದರೆ ಏನಾಗುತ್ತಿತ್ತು? "ಎಲ್ಲಿ ತಗೊಂಡ್ರೋ ಅಲ್ಲೇ ಕೊಡಿ" ಎನ್ನುತ್ತಿದ್ದರು. ಇಲ್ಲವೇ ಕರಗಿಸಿ ನೋಡಿ, ಇಷ್ಟು ಕಳೆಯುತ್ತೇವೆ ಎನ್ನುತ್ತಿದ್ದರು. 22 ಕ್ಯಾರೆಟ್ ಎಂದು ಕೊಂಡದ್ದು ನಿಜಕ್ಕೂ 22 ಹೌದೋ ಅಲ್ಲವೋ ನಿಂತ ಜಾಗದಲ್ಲೇ ಹೇಳಲು ಗಿರಾಕಿಗೆ ಸಾಧ್ಯವಿರಲಿಲ್ಲ. ಹಾಗಾಗಿ ಮತ್ತೆ ಅದೇ ಅಂಗಡಿಗೇ ಹೋಗಬೇಕು. ನಾವು ವಿಶ್ವಾಸ ಎಂದುಕೊಂಡಿದ್ದರಲ್ಲಿ ಒಂದು ಪಾಲು ಬೇರೆ ದಾರಿ ಇಲ್ಲದ್ದೇ ಆಗಿತ್ತು.

ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, 2000ದಲ್ಲೇ ಚಿನ್ನದ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಹಾಲ್‌ಮಾರ್ಕ್ ಯೋಜನೆ ತಂದಿತು. ಬೇಕಾದವರು ಹಾಕಿಸಿಕೊಳ್ಳಬಹುದಿತ್ತು, ಬೇಡವಾದವರು ಬಿಡಬಹುದಿತ್ತು. ಎರಡು ದಶಕ ಹಾಗೇ ನಡೆಯಿತು. 2021ರ ಜೂನ್ 23ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಅದೇ ಜುಲೈನಿಂದ ಪ್ರತಿ ಒಡವೆಗೂ ಬೇರೆ ಬೇರೆ ಗುರುತಿನ ಸಂಖ್ಯೆ ಬಂತು, ಎಚ್‌ಯುಐಡಿ ಎಂದು. ಅಕ್ಷರ, ಅಂಕಿ ಸೇರಿ ಆರು. 2023ರ ಏಪ್ರಿಲ್ 1ರಿಂದ, ಕಡ್ಡಾಯವಾದ ಜಿಲ್ಲೆಗಳಲ್ಲಿ ಈ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ಇರುವ ಒಡವೆಗೆ, ಕುಂದನ್, ಜಡಾವು ಕೆಲಸದ ಕೆಲವಕ್ಕೆ ವಿನಾಯ್ತಿ ಇದೆ.

ಉಂಗುರದ ಒಳಬದಿ ಭೂತಗನ್ನಡಿಯಲ್ಲಿ ನೋಡಿ. ಮೂರು ಗುರುತು ಇರಬೇಕು: ಬಿಐಎಸ್‌ನ ತ್ರಿಕೋನ, 22ಕೆ916 ಎಂಬಂತೆ ಶುದ್ಧತೆ, ಆಮೇಲೆ ಆ ಆರು ಅಕ್ಷರ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹೊಡೆದರೆ ಯಾವ ಅಂಗಡಿ, ಯಾವ ಕೇಂದ್ರದಲ್ಲಿ ಪರೀಕ್ಷೆ, ಯಾವ ದಿನ, ಏನು ಒಡವೆ, ಎಷ್ಟು ಶುದ್ಧ ಎಲ್ಲ ಬರುತ್ತದೆ. ಕೈಯಲ್ಲಿ ಬಳೆ ಇದ್ದು ಆ್ಯಪ್‌ನಲ್ಲಿ ಓಲೆ ಎಂದು ಬಂದರೆ ಅಲ್ಲೇ ಸಿಕ್ಕಿಬಿದ್ದ ಹಾಗೆ. ಹೇಳಿದ್ದಕ್ಕಿಂತ ಶುದ್ಧತೆ ಕಮ್ಮಿ ಎಂದು ಸಾಬೀತಾದರೆ ಕೊರತೆಯ ಎರಡು ಪಟ್ಟು ಹಣ, ಜೊತೆಗೆ ಪರೀಕ್ಷೆಯ ಖರ್ಚು ಕೊಡಬೇಕೆಂದು ಬಿಐಎಸ್ ನಿಯಮವೇ ಇದೆ.

ಇದರಿಂದ ಲಾಭ ಆದದ್ದು ಯಾರಿಗೆ? ಗ್ರಾಹಕರಿಗೆ ಆಯಿತು, ಸರಿ. ಆದರೆ ತಾಲೂಕು ಊರಿನಲ್ಲಿ ಈಗಷ್ಟೇ ಅಂಗಡಿ ತೆರೆದ ಹೊಸಬನಿಗೆ ಇನ್ನೂ ಜಾಸ್ತಿ ಆಯಿತು ಅನಿಸುತ್ತದೆ ನನಗೆ. ಅವನಿಗೆ ಮೂರು ತಲೆಮಾರಿನ ಹೆಸರಿಲ್ಲ. ಆದರೆ ಅವನ 916ಕ್ಕೂ ದೊಡ್ಡ ಶೋರೂಮಿನ 916ಕ್ಕೂ ಈಗ ಒಂದೇ ಮರ್ಯಾದೆ. ಹೆಸರು ಗಳಿಸಲು ಮೂವತ್ತು ವರ್ಷ ಕಾಯಬೇಕಾಗಿಲ್ಲ.

ಹಾಗಾದರೆ ಚಿನ್ನದಂಗಡಿಯಲ್ಲಿ ಮೋಸ ನಿಂತೇಹೋಯಿತಾ? ಇಲ್ಲ. ಪರೀಕ್ಷೆ ಆಗದ ಮೂಲೆಗೆ ಸರಿಯಿತು. ಶುದ್ಧತೆ ಈಗ ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಮೇಕಿಂಗ್ ಚಾರ್ಜ್ ಮತ್ತು ವೇಸ್ಟೇಜ್. ಒಂದೇ ಡಿಸೈನಿನ ಸರಕ್ಕೆ ಒಂದು ಅಂಗಡಿಯಲ್ಲಿ ಹಾಕುವ ಶೇಕಡಾ ಇನ್ನೊಂದರಲ್ಲಿ ಇರುವುದಿಲ್ಲ. "ಮೇಕಿಂಗ್ ಫ್ರೀ" ಎಂದು ಬೋರ್ಡು ಹಾಕಿದವರು ವೇಸ್ಟೇಜ್‌ನಲ್ಲಿ ವಸೂಲಿ ಮಾಡುತ್ತಾರೆ. ಕಲ್ಲು ಕೂರಿಸಿದ ಒಡವೆಯಲ್ಲಿ ಕಲ್ಲಿನ ತೂಕವನ್ನು ಚಿನ್ನದ ಬೆಲೆಗೇ ಸೇರಿಸುವ ಹಳೇ ಕೈಚಳಕವೂ ಇದೆ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕೆಂದು ನಿಯಮ. ಒಟ್ಟು ತೂಕ ಮಾತ್ರ ಬರೆದು ಕೊಟ್ಟರೆ ಹೊಸ ಬಿಲ್ಲು ಕೇಳಿ. ಮುಖ ಸಿಂಡರಿಸಿದರೂ ಕೊಡುತ್ತಾರೆ.

ಹಾಲಿನಲ್ಲೂ ಇದೇ ಕತೆ. ಆದರೆ ಇಲ್ಲಿ ಪರೀಕ್ಷೆ ಶುರುವಾಗಿದ್ದು ಮಾರುವ ರೈತನ ಕಡೆಯಿಂದ. ಹಳ್ಳಿಯ ಡೈರಿಯಲ್ಲಿ ಬೆಳಗಿನ ಹೊತ್ತು ಕ್ಯಾನು, ತಂಬಿಗೆ ಹಿಡಿದು ಸಾಲು ನಿಲ್ಲುತ್ತಾರಲ್ಲ, ಅಲ್ಲಿ ಪ್ರತಿಯೊಬ್ಬರ ಹಾಲಿಗೂ ಅಳತೆ, ನೀರು ಬೆರೆತಿದೆಯೇ ಎಂದು ನೋಡುವ ಡಿಗ್ರಿ, ಕೊಬ್ಬಿನ ಅಂಶ ಹೇಳುವ ಫ್ಯಾಟು. ನೀರು ಹಾಕದವನ ಹಾಲಿಗೂ ನೀರು ಹಾಕಿದವನ ಹಾಲಿಗೂ ಒಂದೇ ರೇಟು ಕೊಟ್ಟಿದ್ದರೆ ಆ ಸಂಘ ಒಂದು ವರ್ಷ ಬಾಳುತ್ತಿರಲಿಲ್ಲ. 1974ರಲ್ಲಿ ಶುರುವಾದ ಈ ವ್ಯವಸ್ಥೆ ಇವತ್ತು ಕೆಎಂಎಫ್ ಆಗಿ, ನಂದಿನಿ ಎಂಬ ಹೆಸರಾಗಿ ನಿಂತಿದ್ದರೆ ಅದರ ಅಡಿಪಾಯ ಆ ಪುಟ್ಟ ಪರೀಕ್ಷೆ.

ಆ ಹೆಸರು ಎಷ್ಟು ಗಟ್ಟಿ ಎಂದರೆ ಅದನ್ನೇ ಕದಿಯುತ್ತಾರೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ನಕಲಿ ನಂದಿನಿ ತುಪ್ಪದ ಜಾಲವೊಂದನ್ನು ಹಿಡಿದರು. ತಮಿಳುನಾಡಿನಲ್ಲಿ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ, ನಂದಿನಿ ಪ್ಯಾಕೆಟ್ಟಿಗೇ ತುಂಬಿ ಇಲ್ಲಿ ಮಾರುತ್ತಿದ್ದರು ಎಂಬುದು ಆರೋಪ. ಪ್ಯಾಕೆಟ್ ನೋಡಿ ಯಾರೂ ಗುರುತು ಹಿಡಿಯುವಂತಿರಲಿಲ್ಲ. ಉಂಗುರಕ್ಕಿರುವ ಆರು ಅಕ್ಷರದಂಥದ್ದು ತುಪ್ಪದ ಪ್ಯಾಕೆಟ್ಟಿಗೂ ಇದ್ದರೆ ಏನು ಅಡ್ಡಿ ಎಂದು ಕೇಳುವುದು ನ್ಯಾಯವಾಗಿಯೇ ಇದೆ.

ಬೆಲೆ ಏರಿಸುವ ರೀತಿಯಲ್ಲೂ ನೋಡಿ ಕಲಿಯುವುದಿದೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್‌ಗೆ 2 ರೂಪಾಯಿ ಜಾಸ್ತಿ ಮಾಡಿ, 50 ಮಿ.ಲೀ. ಹಾಲೂ ಜಾಸ್ತಿ ಕೊಟ್ಟರು. ಅರ್ಧ ಲೀಟರ್ 550 ಮಿ.ಲೀ. ಆಯಿತು. ಇದು ಬೆಲೆ ಏರಿಕೆಯೇ ಅಲ್ಲ ಎಂದು ಸರ್ಕಾರ, ಏರಿಕೆಯೇ ಎಂದು ವಿರೋಧ ಪಕ್ಷ. 2025ರ ಏಪ್ರಿಲ್‌ನಿಂದ ಆ ಹೆಚ್ಚುವರಿ ಹಾಲು ನಿಂತಿತು, ಲೀಟರಿಗೆ 4 ರೂಪಾಯಿ ಏರಿತು. ಬೇಡದ 50 ಮಿ.ಲೀ. ಯಾಕೆ ಎಂದು ಜನ ಗೊಣಗಿದ್ದು ಸರಿ. ಆದರೂ ಎರಡೂ ಸಲ ಪತ್ರಿಕೆಯ ಮುಖಪುಟದಲ್ಲಿ ಹೇಳಿ ಮಾಡಿದರು. ಜಗಳ ಆಡಲು ನಮಗೊಂದು ಲೆಕ್ಕ ಸಿಕ್ಕಿತು.

ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿ ಆಗುವುದು ಇದರ ಉಲ್ಟಾ. ಬೆಲೆ ಹಾಗೇ ಇರುತ್ತದೆ, ಒಳಗಿನ ತೂಕ ಕರಗುತ್ತದೆ. ಇದು ಕಾನೂನುಬಾಹಿರ ಅಲ್ಲ, ತೂಕ ಮುದ್ರಿಸಿದ್ದರೆ ಆಯಿತು. ಇದಕ್ಕಾಗಿಯೇ ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು, ಕೆಜಿಗೆ ಇಷ್ಟು ಎಂದು ಯೂನಿಟ್ ಬೆಲೆ ಹಾಕುವ ನಿಯಮ ಬಂದಿದೆ. ಎಂಆರ್‌ಪಿ ಪಕ್ಕದಲ್ಲೇ ಸಣ್ಣದಾಗಿ ಇರುತ್ತದೆ. ದೊಡ್ಡ ಪ್ಯಾಕು ಯಾವಾಗಲೂ ಅಗ್ಗ ಎಂದು ನಂಬಿಕೊಂಡವರು ಒಮ್ಮೆ ಅದನ್ನು ಹೋಲಿಸಿ ನೋಡಿ. ಶಾಂಪೂವಿನಲ್ಲಿ ಎಷ್ಟೋ ಸಲ ಸ್ಯಾಶೆಯೇ ಅಗ್ಗ ಬೀಳುತ್ತದೆ.

ಇನ್ನು ಗ್ರಾಹಕನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡಬೇಕು. ಆನ್‌ಲೈನಿನಲ್ಲಿ ಸೀರೆ ತರಿಸಿ, ಮದುವೆಗೆ ಉಟ್ಟು, ಬೆಳಗಾದ ಮೇಲೆ ಮಡಚಿ ವಾಪಸ್ ಕಳಿಸುವವರು ನಮ್ಮ ನಡುವೆಯೇ ಇದ್ದಾರೆ. ಯುಪಿಐ ಬಂದ ಹೊಸತರಲ್ಲಿ ಚಹಾದಂಗಡಿಗಳಿಗೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋದವರ ಕತೆ ಎಲ್ಲ ಊರಲ್ಲೂ ಇದೆ. ಅದಕ್ಕೆ ಮದ್ದಾಗಿದ್ದು ಜನರ ಮನಃಪರಿವರ್ತನೆ ಅಲ್ಲ. ಅಂಗಡಿ ಮೂಲೆಯಲ್ಲಿ ಕೂತು ದುಡ್ಡು ಬಂದಿತೆಂದು ಕೂಗಿ ಹೇಳುವ ಆ ಪುಟ್ಟ ಸೌಂಡ್‌ಬಾಕ್ಸ್. ಈಗ ದೋಸೆ ಹುಯ್ಯುವವನು ಕಾವಲಿಯಿಂದ ತಲೆ ಎತ್ತದೆಯೇ ಗಿರಾಕಿಯನ್ನು ನಂಬುತ್ತಾನೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೈಗೆ ಸಿಗುವ ವಸ್ತು. ತೂಗಬಹುದು, ಮೂಸಬಹುದು, ಭೂತಗನ್ನಡಿ ಹಿಡಿಯಬಹುದು. ಈಗಿನ ದೊಡ್ಡ ಸಮಸ್ಯೆ ಇರುವುದು ಮೊಬೈಲ್ ಪರದೆಯಲ್ಲಿ. ಅಲ್ಲಿ ಸಾಮಾನೂ ಅಂಗಡಿಯವನದೇ, ತಕ್ಕಡಿಯೂ ಅವನದೇ, ಬೆಲೆಚೀಟಿ ನೀವು ನೋಡುತ್ತಿರುವಾಗಲೇ ಬದಲಾಗುತ್ತದೆ.

ಭಾರತದಲ್ಲಿ ಆನ್‌ಲೈನ್ ವ್ಯಾಪಾರ ಹಬ್ಬಿದ್ದೇ ಅಪನಂಬಿಕೆಯನ್ನು ಒಪ್ಪಿಕೊಂಡು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡಿ ಎನ್ನುವುದು ಗಿರಾಕಿಗೆ ಸಿಕ್ಕ ಒಂದು ಪರೀಕ್ಷೆಯೇ. ನಂಬದವರೂ ಧೈರ್ಯ ಮಾಡಿದರು. ಅದೇ ಕ್ಯಾಶ್ ಆನ್ ಡೆಲಿವರಿಗೆ ಈಗ ಕೆಲವು ಕಡೆ ಬೇರೆ ಶುಲ್ಕ ಹಾಕುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ, ಇದರ ಬಗ್ಗೆ ತನಿಖೆ ಶುರು ಮಾಡಿದ್ದೇವೆ ಎಂದರು.

ನಾನು ಒಂದು ಆ್ಯಪ್‌ನಲ್ಲಿ ಬಸ್ ಟಿಕೆಟ್ ಮಾಡುವಾಗ ಕಂಡದ್ದು ಹೇಳುತ್ತೇನೆ. ಸೀಟು ಆರಿಸಿದೆ. ಹೆಸರು, ವಯಸ್ಸು ತುಂಬಿದೆ. ದುಡ್ಡು ಕಟ್ಟುವ ಪುಟಕ್ಕೆ ಬಂದರೆ ಮೊತ್ತ ಏರಿದೆ. ಮೇಲೆ ಹೋಗಿ ಹುಡುಕಿದೆ. ಪ್ರಯಾಣ ವಿಮೆಗೆ ಆಗಲೇ ಟಿಕ್ ಬಿದ್ದಿದೆ. ತೆಗೆಯಲು ಹೋದರೆ ಒಂದು ಪೆಟ್ಟಿಗೆ ತೆರೆಯಿತು. ಅದರಲ್ಲಿ ಎರಡು ಬಟನ್. "ನನ್ನ ಪ್ರಯಾಣಕ್ಕೆ ರಕ್ಷಣೆ ಇರಲಿ" ಎನ್ನುವುದು ದಪ್ಪ ಹಸಿರು. "ಬೇಡ, ಅಪಾಯ ಎದುರಿಸುತ್ತೇನೆ" ಎನ್ನುವುದು ಬೂದು ಬಣ್ಣದಲ್ಲಿ ಅರ್ಧ ಅಳಿಸಿದಂತೆ. ಅಷ್ಟರಲ್ಲಿ ಮೇಲ್ಗಡೆ ಗಡಿಯಾರ ಓಡುತ್ತಿದೆ, ಇಷ್ಟು ನಿಮಿಷದಲ್ಲಿ ಕಟ್ಟದಿದ್ದರೆ ಸೀಟು ಹೋಯಿತು ಎಂದು. ರಾತ್ರಿ ಬಸ್ಸಿಗೆ ಅಮ್ಮನನ್ನು ಕಳಿಸುವ ಮಗ ಆ ಹೊತ್ತಿನಲ್ಲಿ ಯಾವ ಬಟನ್ ಒತ್ತುತ್ತಾನೆ ಅನ್ನುವುದು ಆ ಪುಟ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಇಂಥವಕ್ಕೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಂದರೆ ಸಿಸಿಪಿಎ, 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಆತುರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಬೇಡ ಎಂದವರನ್ನು ನಾಚಿಸುವುದು, ಸೇರಲು ಸುಲಭ ಬಿಡಲು ಕಷ್ಟವಾದ ಚಂದಾ, ಹನಿಹನಿಯಾಗಿ ಬೆಲೆ ತೋರಿಸುವುದು ಎಲ್ಲ ಅದರಲ್ಲಿವೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಎಂದು ಎಣಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮವೇ ಹೇಳಿತ್ತು. ನನ್ನ ಬಸ್ ಟಿಕೆಟ್ಟಿನ ಒಂದೇ ಪುಟದಲ್ಲಿ ಎಷ್ಟು ಇವೆ, ನೀವೇ ಎಣಿಸಿ.

ಇದನ್ನೆಲ್ಲ ಯಾರೋ ಒಬ್ಬ ಖಳನಾಯಕ ಕೂತು ಹೊಸೆಯುತ್ತಾನೆ ಎಂದು ನಾನು ಭಾವಿಸುವುದಿಲ್ಲ. ನಮ್ಮ ಬೆಂಗಳೂರಿನ ಕಚೇರಿಗಳಲ್ಲೇ ಇದು ಆಗುತ್ತದೆ, ತುಂಬಾ ಸಾದಾ ರೀತಿಯಲ್ಲಿ. ಪುಟದ ಎರಡು ನಮೂನೆ ಮಾಡಿ ಅರ್ಧ ಜನರಿಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ತೋರಿಸುತ್ತಾರೆ. ಯಾವುದರಲ್ಲಿ ಜಾಸ್ತಿ ಮಂದಿ ವಿಮೆ ತಗೊಂಡರೋ ಅದು ಉಳಿಯುತ್ತದೆ. ಬೂದು ಬಟನ್ ಗೆದ್ದಿತು ಎಂದು ಅಂಕಿ ಹೇಳುತ್ತದೆ. ತಿಂಗಳ ಟಾರ್ಗೆಟ್ ಮುಟ್ಟಿತು. ಆ ಗ್ರಾಹಕನಿಗೆ ಆಮೇಲೆ ಏನನಿಸಿತು ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಂ ಇಲ್ಲ. ಪ್ರತಿ ಬಟನ್ನಿಗೂ ಒಂದೊಂದು ಸಮಜಾಯಿಷಿ ಇರುತ್ತದೆ, ಒಟ್ಟು ಸೇರಿ ಜೇಬು ಕತ್ತರಿಸಿದಂತೆ ಆಗುತ್ತದೆ.

ಇಲ್ಲೂ ಗೋಬಿ ಗಾಡಿಯ ಗಣಿತವೇ. ಎರಡು ಆ್ಯಪ್ ಇವೆ. ಒಂದು ಎಲ್ಲ ಸೇರಿಸಿ ಮೊದಲ ಪುಟದಲ್ಲೇ 280 ರೂಪಾಯಿ ಎನ್ನುತ್ತದೆ. ಇನ್ನೊಂದು 240 ಎಂದು ತೋರಿಸಿ, ಕೊನೆಯಲ್ಲಿ ಹ್ಯಾಂಡ್ಲಿಂಗ್ ಶುಲ್ಕ, ಪ್ಲಾಟ್‌ಫಾರಂ ಶುಲ್ಕ, ಮಳೆ ಶುಲ್ಕ ಎಂದು ಸೇರಿಸಿ 290 ಮಾಡುತ್ತದೆ. ಹುಡುಕಿದಾಗ ಮೇಲೆ ಬರುವುದು 240 ಎಂದವನದು. ಕೊನೆಗೆ ಬರುವಷ್ಟರಲ್ಲಿ ನಿಮಗೆ ಸುಸ್ತು, ಹತ್ತು ರೂಪಾಯಿಗೆ ಯಾರು ವಾಪಸ್ ಹೋಗುತ್ತಾರೆ? ನೇರವಾಗಿ ಬೆಲೆ ಹೇಳಿದವನು ದುಬಾರಿ ಅನ್ನಿಸಿಕೊಂಡು ಕೂತ. ಮುಂದಿನ ತಿಂಗಳು ಅವನೂ ಬದಲಾಗುತ್ತಾನೆ. ಹಾಗಾಗಿ ಈ ಮಾರ್ಗಸೂಚಿ ಗಟ್ಟಿಯಾಗಿ ಜಾರಿಯಾಗಬೇಕು ಎಂದು ಎಲ್ಲರಿಗಿಂತ ಮೊದಲು ಕೂಗಬೇಕಾದವರು ಸಭ್ಯ ಕಂಪನಿಗಳು. ಅವರು ಸುಮ್ಮನಿದ್ದಾರೆ, ಯಾಕೋ.

ಜಾರಿಯ ಕತೆ ಹೇಗಿದೆ? ಕೆಲಸ ನಡೆದಿಲ್ಲ ಎನ್ನುವ ಹಾಗಿಲ್ಲ. ಬೆಂಗಳೂರಿನದೇ ಕಂಪನಿ ರ‍್ಯಾಪಿಡೊ "5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ" ಎಂಬ ಅರ್ಥದ ಜಾಹೀರಾತು ಹಾಕಿತ್ತು. ಆಟೊ ಬರಲಿಲ್ಲ ಎಂದರೆ ಸಿಗುತ್ತಿದ್ದುದು ರೂಪಾಯಿಯಲ್ಲ, ಆ್ಯಪ್‌ನ ಕಾಯಿನ್. ಅದೂ 50ರವರೆಗೆ. ಬೈಕ್ ಸವಾರಿಗೆ ಮಾತ್ರ, ಏಳು ದಿನದೊಳಗೆ ಬಳಸಬೇಕು. ಷರತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ಸಿಸಿಪಿಎ 2025ರ ಆಗಸ್ಟ್‌ನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿ, 50 ಸಿಗದವರಿಗೆ ಅದನ್ನು ಕೊಡಿ ಎಂದಿತು. ಅದೇ ವರ್ಷ, "ಎಲ್ಲ ತೆರಿಗೆ ಸೇರಿ" ಎಂದು ಎಂಆರ್‌ಪಿ ತೋರಿಸಿ, ಕೊನೆಯ ಪುಟದಲ್ಲಿ ಮತ್ತೆ ಜಿಎಸ್‌ಟಿ ಸೇರಿಸುತ್ತಿದ್ದ ಮಕ್ಕಳ ಸಾಮಾನಿನ ತಾಣವೊಂದಕ್ಕೆ 2 ಲಕ್ಷ ದಂಡ ಬಿತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹೆಚ್ಚೆಂದರೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ. ಬೀದಿ ಬದಿಯ ಅಂಗಡಿಗೆ ಇದು ಮನೆ ಮಾರುವಷ್ಟು ದುಡ್ಡು. ನೂರಾರು ಕೋಟಿ ಜಾಹೀರಾತಿಗೆ ಸುರಿಯುವವರಿಗೆ ಒಂದು ಹೋರ್ಡಿಂಗಿನ ಬಾಡಿಗೆ. ದಂಡ ವಹಿವಾಟಿನ ಶೇಕಡಾ ಲೆಕ್ಕದಲ್ಲಿ ಇರಬೇಕು ಎನ್ನುವುದು ನನ್ನ ಪಕ್ಷ. ಸ್ಪರ್ಧಾ ಕಾಯ್ದೆಯಲ್ಲಿ ಹಾಗೆಯೇ ಇದೆ, ಇಲ್ಲಿ ಯಾಕೆ ಬೇಡ?

2025ರ ಜೂನ್‌ನಲ್ಲಿ ಸಿಸಿಪಿಎ ಎಲ್ಲ ಇ-ಕಾಮರ್ಸ್ ಕಂಪನಿಗಳಿಗೂ ಮೂರು ತಿಂಗಳಲ್ಲಿ ನಿಮ್ಮ ಪುಟಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದಿತು. ನವೆಂಬರ್ ಹೊತ್ತಿಗೆ 26 ದೊಡ್ಡ ತಾಣಗಳು ನಮ್ಮಲ್ಲಿ ಡಾರ್ಕ್ ಪ್ಯಾಟರ್ನ್ ಇಲ್ಲ ಎಂದು ಘೋಷಿಸಿಕೊಂಡವು. ಒಳ್ಳೆಯದು. ಆದರೆ ತನ್ನ ಹಾಲಿನ ಫ್ಯಾಟು ತಾನೇ ಹೇಳುವ ರೈತನಿಗೆ ಯಾವ ಡೈರಿಯವರೂ ರೇಟು ಕೊಡುವುದಿಲ್ಲ, ಅಲ್ವಾ?

ಹೋಟೆಲಿನ ಸರ್ವಿಸ್ ಚಾರ್ಜ್ ಕಡೆ ಒಂದು ನೋಟ. ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಸಿಸಿಪಿಎ 2022ರ ಜುಲೈನಲ್ಲಿ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಸಿಸಿಪಿಎ ಮಾತೇ ಸರಿ ಎಂದಿತು, ಅದರ ಮೇಲೆ ಸಂಘಗಳು ಮೇಲ್ಮನವಿ ಹಾಕಿದವು. ನಮ್ಮ ದರ್ಶಿನಿಗಳಲ್ಲಿ ಈ ತಕರಾರೇ ಇಲ್ಲ. ಗೋಡೆ ಮೇಲೆ ದರಪಟ್ಟಿ, ಮೊದಲು ಟೋಕನ್, ಆಮೇಲೆ ಇಡ್ಲಿ. ತಿನ್ನುವ ಮೊದಲೇ ಬೆಲೆ ಪೂರ್ತಿ ಗೊತ್ತು.

ಮೋಸ ಹೋದವನು ಎಲ್ಲಿಗೆ ಹೋಗಬೇಕು? ದಾರಿ ಇದೆ, ಹಿಂದಿಗಿಂತ ಚೆನ್ನಾಗಿಯೂ ಇದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ದೂರು ಕಂಪನಿಗೆ ಅಲ್ಲಿಂದ ಒಂದು ಸೂಚನೆ ಹೋದೊಡನೆ ಬಗೆಹರಿಯುತ್ತವೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದೇ ಇಲ್ಲ. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಗದಗದಲ್ಲಿದ್ದರೆ ಗದಗದಲ್ಲೇ ಹಾಕಬಹುದು. ಇದು 2019ರ ಕಾಯ್ದೆಯ ಬಹಳ ದೊಡ್ಡ ಉಪಕಾರ. ಎರಡು ವರ್ಷದೊಳಗೆ ದೂರು ಕೊಡಬೇಕು. 2025ರ ಜನವರಿಯಿಂದ ಇ-ಜಾಗೃತಿ ಎಂಬ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಕಾಯ್ದೆ ಹೇಳುವ ಗಡುವು ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೇಲೆ ಮೂರು ತಿಂಗಳು, ಲ್ಯಾಬ್ ಪರೀಕ್ಷೆ ಬೇಕಿದ್ದರೆ ಐದು. ನಡೆಯುವುದು ಹಾಗಲ್ಲ ಎಂದು ಒಮ್ಮೆ ಅಲ್ಲಿ ಕೂತು ಬಂದವರಿಗೆಲ್ಲ ಗೊತ್ತು. ವಾಯಿದೆ ಮೇಲೆ ವಾಯಿದೆ. ಕೆಟ್ಟ ಫ್ರಿಜ್ಜಿಗೆ ಹೋರಾಡಿದವರಿಗೆ ತೀರ್ಪು ಬರುವಷ್ಟರಲ್ಲಿ ಹೊಸ ಫ್ರಿಜ್ಜೂ ಹಳತಾಗಿರುತ್ತದೆ.

ಅದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಒಂಬತ್ತು ರೂಪಾಯಿಯ ಪ್ಲಾಟ್‌ಫಾರಂ ಶುಲ್ಕಕ್ಕೆ ಯಾರು ಆಯೋಗಕ್ಕೆ ಹೋಗುತ್ತಾರೆ? ಯಾರೂ ಇಲ್ಲ. ಆದರೆ ದಿನಕ್ಕೆ ಲಕ್ಷ ಆರ್ಡರಿನಿಂದ ಒಂಬತ್ತು ರೂಪಾಯಿ ಎಂದರೆ ಒಂಬತ್ತು ಲಕ್ಷ. ದೂರು ಬರಲಾರದಷ್ಟು ಚಿಕ್ಕದಾಗಿ ಕತ್ತರಿಸುವುದೇ ಈ ವ್ಯಾಪಾರದ ಜಾಣತನ. ಒಂದೇ ಬಗೆಯ ನಷ್ಟವಾದ ಅನೇಕರ ಪರವಾಗಿ ಒಬ್ಬರೇ ದೂರು ಕೊಡಲು ಕಾಯ್ದೆಯ 35ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಆಯೋಗದ ಅನುಮತಿ ಪಡೆದು. ಗ್ರಾಹಕ ಸಂಘಗಳೂ ಕೊಡಬಹುದು. ಇದು ಜಾಸ್ತಿ ಬಳಕೆಯಾಗಬೇಕಾದ ಅಸ್ತ್ರ. ಕಾನೂನು ಕಾಲೇಜಿನ ಹುಡುಗರು ಅಣಕು ನ್ಯಾಯಾಲಯ ನಡೆಸುವ ಬದಲು ವರ್ಷಕ್ಕೊಂದು ಇಂಥ ನಿಜ ದೂರು ಹಿಡಿದರೆ ಎಷ್ಟು ಚೆನ್ನಾಗಿತ್ತು.

ಕಂಪನಿಗಳ ಕಡೆಯಿಂದ ಆಗಬೇಕಾದದ್ದು ರಾಕೆಟ್ ವಿಜ್ಞಾನ ಅಲ್ಲ. ಮೊದಲ ಪುಟದಲ್ಲಿ ತೋರಿಸಿದ ಬೆಲೆಯೇ ಕೊನೆಯ ಬೆಲೆ. ಎಷ್ಟು ಬಟನ್ ಒತ್ತಿ ಚಂದಾ ಶುರು ಮಾಡಿದೆವೋ ಅಷ್ಟೇ ಒತ್ತಿ ನಿಲ್ಲಿಸಲು ಆಗಬೇಕು. ಹಣ ವಾಪಸ್ ಅಂದರೆ ಬ್ಯಾಂಕ್ ಖಾತೆಗೆ, ಕೂಪನ್ನಿಗೆ ಅಲ್ಲ. ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ಬಂದಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂದು ನಿಯಮದಲ್ಲಿ ಈಗಾಗಲೇ ಇದೆ. ಆ ಅಧಿಕಾರಿಯ ಹೆಸರು, ನಂಬರು ಹುಡುಕಲು ಪುಟದ ಪಾತಾಳಕ್ಕೆ ಇಳಿಯುವಂತೆ ಮಾಡದಿದ್ದರೆ ಸಾಕು.

ಸರ್ಕಾರದಿಂದ ನಾನು ಕೇಳುವುದು ಒಂದೇ. ಸ್ವಯಂ ತಪಾಸಣೆ ಮಾಡಿದ್ದೇವೆ ಎಂದ ಆ ತಾಣಗಳಿಗೆ ಹೊರಗಿನವರಿಂದ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ ಮಾಡಲಿ. ಯಾವ ಆ್ಯಪ್‌ನಲ್ಲಿ ಆ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಎಷ್ಟು ಸಿಕ್ಕವು, ಎಷ್ಟು ದಿನದಲ್ಲಿ ತೆಗೆದರು ಎಂಬ ವರದಿ ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಇರಲಿ. ಅದು ಇಲಾಖೆಯ ಕಡತದಲ್ಲಿ ಕೂರುವುದು ಬೇಡ. ಆ್ಯಪ್ ಡೌನ್‌ಲೋಡ್ ಮಾಡುವ ಪುಟದಲ್ಲೇ, ರೇಟಿಂಗ್ ನಕ್ಷತ್ರಗಳ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, 2020ರ ಇ-ಕಾಮರ್ಸ್ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು.